ಬಾಗಿಲ ಕಣ್ಣಿಗೆ ಹಚ್ಚಿದ ವಿಭೂತಿ

ಗಾಜಿನ ಸುತ್ತಲಿನ ಕರಿ ಉಂಗುರದ ಸಂದಿಯಲ್ಲಿ, ಕೆಳಗೆ ಎಡಕ್ಕೆ, ಒಂದು ಬಿಳಿ ಗೆರೆ ಉಳಿದುಕೊಂಡಿದೆ. ಅಕ್ಕಿ ನುಚ್ಚಿನಷ್ಟು ಉದ್ದ. ಕಿವಿಗೆ ಹಾಕುವ ಹತ್ತಿಕಡ್ಡಿಯ ತುದಿ ಅಲ್ಲಿಗೆ ಹೋಗುವುದಿಲ್ಲ. ಸೂಜಿ ಹಾಕಿದರೆ ಗಾಜಿಗೆ ಗೀರು ಬೀಳುತ್ತದೆ. ಪ್ರತಿ ಸಲ ಅದನ್ನು ನೋಡುತ್ತೇನೆ, ಸುತ್ತಲೂ ಒರೆಸುತ್ತೇನೆ, ಅದನ್ನು ಮಾತ್ರ ಬಿಡುತ್ತೇನೆ.

ಗೋಕಾಕದ ನಮ್ಮ ಮನೆಯ ಮುಂಬಾಗಿಲಿಗೆ ಹಾಕಿದ ವಿಡಿಯೊ ಬೆಲ್ ಅದು. ಅಂಗೈಯಲ್ಲಿ ಹಿಡಿಸುವ ಉದ್ದನೆಯ ಕರಿ ಡಬ್ಬಿ. ಮೇಲೆ ಕ್ಯಾಮೆರಾದ ಗಾಜು, ಕೆಳಗೆ ಒತ್ತುವ ಗುಂಡಿ. ಕರೆಂಟಿನ ವೈರ್ ಇಲ್ಲ, ಒಳಗಿನ ಬ್ಯಾಟರಿಯಿಂದ ನಡೆಯುತ್ತದೆ. ಯಾರಾದರೂ ಒತ್ತಿದರೆ ನನ್ನ ಫೋನು ಸದ್ದು ಮಾಡುತ್ತದೆ. ನಾನು ಎಲ್ಲೇ ಇದ್ದರೂ ಬಾಗಿಲ ಮುಂದೆ ನಿಂತವರನ್ನು ನೋಡಬಹುದು, ಮಾತಾಡಿಸಬಹುದು. ಚಾರ್ಜ್ ಇಳಿದಾಗ ಅಡಿಯಲ್ಲಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ, ಗೋಡೆಗೆ ಬಡಿದ ಪಟ್ಟಿಯಿಂದ ಬಿಡಿಸಿ, ಒಳಗೆ ತಂದು ಚಾರ್ಜರಿಗೆ ಹಚ್ಚಬೇಕು. ಕೆಂಪು ದೀಪ ಹಸಿರಾಗುವವರೆಗೆ ಬಾಗಿಲ ಪಕ್ಕದಲ್ಲಿ ಬರೀ ಪಟ್ಟಿ ಇರುತ್ತದೆ. ಈ ಕೆಲಸವನ್ನು ಮನೆಯಲ್ಲಿ ಬೇರೆ ಯಾರೂ ಮಾಡುವುದಿಲ್ಲ.

ನಮ್ಮ ನೆಂಟರಲ್ಲಿ ಆ ಗುಂಡಿ ಒತ್ತದವಳು ಒಬ್ಬಳೇ, ಅಪ್ಪನ ಅಕ್ಕ. ಮೂಡಲಗಿಯಿಂದ ಬಂದರೆ ಓಣಿಯ ತಿರುವಿನಲ್ಲಿ, ಕ್ಯಾಮೆರಾಕ್ಕೆ ಕಾಣದ ಕಡೆ ನಿಂತು, ಅಪ್ಪನಿಗೆ ಫೋನ್ ಮಾಡುತ್ತಾಳೆ. "ಹೊರಗ ಬರ್ರಿ, ಬಂದೇನಿ" ಎನ್ನುತ್ತಾಳೆ. ಅಪ್ಪ ಚಪ್ಪಲಿ ಕೂಡ ಹಾಕಿಕೊಳ್ಳದೆ ಹೋಗಿ ಕರೆತರುತ್ತಾನೆ. ಬೆಲ್ಲಿನ ಮುಂದೆ ಹಾದು ಒಳಗೆ ಬರುವಾಗ ಅತ್ತೆ ಸೆರಗು ಸರಿಮಾಡಿಕೊಂಡು ಮುಖ ಆಚೆ ತಿರುಗಿಸುತ್ತಾಳೆ. ಮೊದಲು ಹೀಗಿರಲಿಲ್ಲ.

ಬೆಲ್ ತಂದವಳು ನಾನೇ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಹುಕ್ಕೇರಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಲು ಸೇರಿದ್ದೆ. ಬೆಳಿಗ್ಗೆ ಬಸ್ಸು ಹಿಡಿದು ಘಟಪ್ರಭಾ ದಾಟಿ ಹೋದರೆ ಮರಳುವುದು ಸಂಜೆಗೆ. ಅವ್ವ ಮೇಲವಂಕಿಯ ಶಾಲೆಯಲ್ಲಿ ಶಿಕ್ಷಕಿ. ಅಪ್ಪನದು ಪೇಟೆಯಲ್ಲಿ ನೀರಿನ ಪಂಪುಗಳ ಅಂಗಡಿ. ಹಗಲು ಮನೆಗೆ ಬೀಗ. ಪಾರ್ಸೆಲ್ ತರುವವರು ಫೋನ್ ಮಾಡುತ್ತಿದ್ದರು, ನಾನು ಪಾಠದಲ್ಲಿರುತ್ತಿದ್ದೆ, ಅವರು ಮರಳಿ ಹೋಗುತ್ತಿದ್ದರು. ಮೊದಲ ಪಗಾರದಲ್ಲಿ ಮನೆಗೆಂದು ಕೊಂಡ ವಸ್ತು ಈ ಬೆಲ್.

ಅದು ಸುಲಭಕ್ಕೆ ಹೊಂದಿಕೊಳ್ಳಲಿಲ್ಲ. ಮುಂದೆ ಏನು ಅಲುಗಾಡಿದರೂ ಎಚ್ಚರವಾಗಿ ಚಿತ್ರ ತೆಗೆಯುವ ಗುಣ ಅದರದು. ನಮ್ಮ ಓಣಿಯಲ್ಲಿ ಅಲುಗಾಡದಿರುವುದು ಯಾವುದು? ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಒಂದು ದಿನ ನಾನು ತರಗತಿಯಲ್ಲಿದ್ದಾಗ ಕುರಿಹಿಂಡೊಂದು ಮನೆಯ ಮುಂದೆ ಹಾದುಹೋಯಿತು. ಮೇಜಿನ ಮೇಲಿನ ಫೋನು ಗುರುಗುಟ್ಟುತ್ತಲೇ ಇತ್ತು. ಹಿಂದಿನ ಬೆಂಚಿನಿಂದ ಒಂದು ಹುಡುಗಿ, "ಮ್ಯಾಡಮ್, ಮನಿಯಿಂದ ಅರ್ಜೆಂಟ್ ಇರಬೇಕ್ರಿ, ತಗೋರಿ" ಎಂದಳು. ತೆಗೆದು ನೋಡಿದರೆ ಪರದೆಯ ತುಂಬ ಒಂದು ಟಗರಿನ ಮೂತಿ. ಅಂದು ಸಂಜೆ ಬ್ಯಾಟರಿ ಸತ್ತಿತ್ತು.

ಆಮೇಲೆ ಕಲಿತೆ. ಕ್ಯಾಮೆರಾ ಗಮನಿಸುವ ಜಾಗವನ್ನು ನಮ್ಮ ಮೆಟ್ಟಿಲಿಗಷ್ಟೇ ಕಡಿಮೆ ಮಾಡಿದೆ. ಬ್ಯಾಟರಿಯನ್ನು ಪೂರ್ತಿ ಬರಿದಾಗಲು ಬಿಡಬಾರದು. ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಡಬ್ಬಿಯನ್ನು ತಂದ ತಕ್ಷಣ ಚಾರ್ಜಿಗೆ ಹಾಕಬಾರದು, ಮಡಕೆಯ ಪಕ್ಕದ ನೆರಳಲ್ಲಿಟ್ಟು ಆರಿಸಬೇಕು. ಅವ್ವನಿಗೆ ಇದೆಲ್ಲ ತಮಾಷೆ. ಗೋಡೆಯಲ್ಲಿ ಬರೀ ಪಟ್ಟಿ ಕಂಡರೆ, "ಏನವಾ, ಬೆಲ್ಲು ಊಟಕ್ಕ ಕುಂತೈತೇನು?" ಎನ್ನುವಳು.

"ಕುಂತೈತಿ."

"ಹೊಟ್ಟಿ ತುಂಬಲಿ ಪಾಪ. ನಮ್ಮೆಲ್ಲಾರಕಿಂತ ಅದss ಹೆಚ್ಚ ದುಡಿತೈತಿ."

ಬೆಲ್ ಹಾಕಿದ ಹೊಸತರಲ್ಲಿ ಅತ್ತೆ ಬಂದಿದ್ದಳು. ಅವಳು ಯಾವತ್ತೂ ಹೇಳಿ ಬರುವವಳಲ್ಲ. ಸಂತೆಗೆಂದು ಗೋಕಾಕಕ್ಕೆ ಬಂದರೆ ಮೆಟ್ಟಿಲ ಕೆಳಗೆ ನಿಂತು, "ಯಾರದೀರಿ ಒಳಗ? ಬಾಗಲಾ ತಗೀರೋ, ಕೈಯಾಗ ಭಾರ ಐತಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗುವಳು. ಅಂದೂ ಕೂಗಿದಳು. ನಾನು ಬಾಗಿಲು ತೆಗೆದಾಗ ಚೀಲ ಕೆಳಗಿಟ್ಟು ಬೆಲ್ಲನ್ನೇ ನೋಡುತ್ತಿದ್ದಳು.

"ಇದೇನ ಹಚ್ಚೀರಿ ಬಾಗಲಕ್ಕ? ಕಣ್ಣೇನಿದು?"

"ಬೆಲ್ ಅತ್ತಿ. ಇದನ್ನ ಒತ್ತಿದ್ರ ನಾ ಹುಕ್ಕೇರ್ಯಾಗ ಕುಂತು ಯಾರ ಬಂದಾರ ನೋಡತೇನಿ."

"ನನ್ನೂ ನೋಡ್ತಿ?"

"ನೋಡತೇನಿ."

"ಸುಳ್ಳ ಹೇಳಬ್ಯಾಡ."

ನಾನು ಅವಳನ್ನು ಅಲ್ಲೇ ನಿಲ್ಲಿಸಿ ಗುಂಡಿ ಒತ್ತಿಸಿದೆ. ಫೋನಿನಲ್ಲಿ ಅವಳ ಮುಖ ತೋರಿಸಿದೆ. ಬೆರಳಿಂದ ಚಿತ್ರ ಹಿಗ್ಗಿಸಿ, "ಇಲ್ನೋಡು, ಗದ್ದದ ಮ್ಯಾಲಿನ ಮಚ್ಚಿಸುದ್ದಾ ಕಾಣತೈತಿ" ಎಂದೆ. ಅತ್ತೆ ಗದ್ದ ಮುಟ್ಟಿಕೊಂಡು ನಕ್ಕಳು. "ಅಯ್ಯ, ಹಂಗಾರ ಇನ್ನ ಮ್ಯಾಲೆ ಮಾರಿ ತೊಳಕೊಂಡss ಬರಬೇಕು ನಿಮ್ಮ ಮನಿಗೆ" ಎಂದಳು. ನನಗೆ ಹೆಮ್ಮೆಯಾಗಿತ್ತು. ಅಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ನಾನು ಅವಳಿಗೆ ಹೇಳಬೇಕಾದ ಅಗತ್ಯ ಇರಲಿಲ್ಲ.

ಅದಾದ ಮರುವರ್ಷ ಅತ್ತೆ ತನ್ನ ಮಗನಿಗೆ ನನ್ನನ್ನು ಕೇಳಿದಳು. ನಮ್ಮಲ್ಲಿ ಇದು ಹೊಸದಲ್ಲ. ಅವಳ ಮಟ್ಟಿಗೆ ಇದು ಕೇಳುವ ಮಾತೂ ಆಗಿರಲಿಲ್ಲ, ನಾನು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನವಾದದ್ದು. ಅವಳ ಮಗ ಒಳ್ಳೆಯವನು, ನನ್ನೊಡನೆ ಯಾವತ್ತೂ ಸಭ್ಯವಾಗಿ ನಡೆದುಕೊಂಡವನು. ನಾನು ಆಗುವುದಿಲ್ಲ ಎಂದೆ. ಕಾರಣ ನನ್ನದು, ಅದನ್ನು ಅಪ್ಪನಿಗೂ ಪೂರ್ತಿ ಹೇಳಲಿಲ್ಲ. ಅಪ್ಪ ನನ್ನನ್ನು ಒತ್ತಾಯಿಸಲಿಲ್ಲ. ಆದರೆ ಅಕ್ಕನಿಗೆ ಹೇಳುವ ಧೈರ್ಯವೂ ಅವನಿಗಿರಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಿದ್ದ. ಕೊನೆಗೆ ಕುಲಗೋಡದ ಒಂದು ಮದುವೆಯಲ್ಲಿ ಬೇರೆ ಯಾರದೋ ಬಾಯಿಂದ ಅತ್ತೆಗೆ ಅದು ತಿಳಿಯಿತು. ಊಟಕ್ಕೆ ಕುಳಿತವಳು ಎದ್ದುಹೋದಳಂತೆ.

ಆಮೇಲೆ ಅವಳು ಬರಲಿಲ್ಲ. ಆ ವರ್ಷದ ದಸರೆಗೆ ಅಪ್ಪನೂ ಹೋಗಲಿಲ್ಲ.

ವಿಜಯದಶಮಿಯ ಸಂಜೆ ಕಿರಿಯರು ಹಿರಿಯರ ಮನೆಗೆ ಹೋಗಿ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ. ಬನ್ನಿ ತಗೊಂಡು ಬಂಗಾರದಂಗ ಇರೂಣು ಎನ್ನುತ್ತಾರೆ. ಹಿರಿಯರು ಒಂದೆರಡು ಎಲೆ ತಿರುಗಿ ಕೊಡುತ್ತಾರೆ. ಮಾತು ಬಿಟ್ಟವರಿಗೂ ಅಂದು ಒಬ್ಬರ ಬಾಗಿಲಿಗೆ ಒಬ್ಬರು ಹೋಗಲು ದಾರಿಯಿದೆ. ಹಳೆಯದನ್ನು ಎತ್ತಬೇಕಾಗಿಲ್ಲ, ಎಲೆ ಕೊಟ್ಟರೆ ಸಾಕು. ಅಪ್ಪ ಬುದ್ಧಿ ತಿಳಿದಾಗಿನಿಂದ ಪ್ರತಿ ವರ್ಷ ಅಕ್ಕನಿಗೆ ಬನ್ನಿ ಕೊಟ್ಟವನು. ಆ ವರ್ಷ ಅಂಗಿ ಹಾಕಿಕೊಂಡು, ಗಾಡಿಯ ಕೀಲಿ ಕೈಯಲ್ಲಿ ಹಿಡಿದು, ಪಡಸಾಲೆಯಲ್ಲಿ ಕುಳಿತೇ ಇದ್ದ. "ಯಾವ ಮಾರಿ ತಗೊಂಡ ಹೋಗ್ಲಿ?" ಎಂದ. "ನಾಳಿ ಹೋದ್ರಾತು ಬಿಡ್ರಿ" ಎಂದಳು ಅವ್ವ, ಅಪ್ಪ ತಲೆಯಾಡಿಸಿದ. ನಾನು ಒಳಗಿನ ಕೋಣೆಯಲ್ಲಿದ್ದೆ.

ಮುಂದಿನ ದಸರೆಗೆ ಅತ್ತೆ ತಾನೇ ಬಂದಳು. ಹಿರಿಯಳಾದವಳು, ಬೇಸರಪಟ್ಟವಳು, ಬನ್ನಿ ತೆಗೆದುಕೊಂಡು ತಮ್ಮನ ಬಾಗಿಲಿಗೆ ಬಂದಳು. ನಾನು ಬರೆಯಬೇಕೆಂದಿದ್ದುದು ಆ ದಿನದ ಬಗ್ಗೆ.

ಹಿಂದಿನ ದಿನ ಖಂಡೇಪೂಜೆ, ಆಯುಧಗಳ ಪೂಜೆ. ಅಂಗಡಿಯ ಪಂಪು, ಪಾನಾ, ತಕ್ಕಡಿಗಳಿಗೆಲ್ಲ ಪೂಜೆ ಮುಗಿಸಿ ಅಪ್ಪ ಮನೆಗೆ ಬಂದಿದ್ದ. ಗಾಡಿಗೆ, ಮಿಕ್ಸರಿಗೆ, ಹೊಲಿಗೆಯಂತ್ರಕ್ಕೆ, ಅವ್ವನ ಈಳಿಗೆಗೆ ಪೂಜೆಯಾಯಿತು. ನಾನು ಹಬ್ಬಕ್ಕೆಂದು ಬೆಲ್ಲನ್ನು ತುಂಬ ಚಾರ್ಜ್ ಮಾಡಿ, ಗಾಜು ಒರೆಸಿ, ಆಗಷ್ಟೇ ಗೋಡೆಗೆ ಸಿಕ್ಕಿಸಿದ್ದೆ. ಅಪ್ಪ ವಿಭೂತಿ ಕಲಸಿದ ಬಟ್ಟಲು ಹಿಡಿದು ಹೊರಗೆ ಬಂದ.

"ಮನಿ ಕಾಯೂದು ಇದss. ಇದಕ್ಕss ಮರತಿದ್ವಿ ನೋಡು."

ಅವ್ವ ಒಳಗಿನಿಂದ, "ಅದರ ಕಣ್ಣಿಗೆ ಹಚ್ಚಬ್ಯಾಡ್ರಿ ಮತ್ತ" ಎಂದಳು.

"ಕಣ್ಣಿಗಲ್ಲ, ಹಣಿಗೆ."

ಬೆಲ್ಲಿಗೆ ಹಣೆ ಎಲ್ಲಿಂದ ಬರಬೇಕು? ಅಪ್ಪ ಮೂರು ಬೆರಳು ಅದ್ದಿ ಗಾಜಿನ ಮೇಲೆ ಹಾಯುವಂತೆ ಎಡದಿಂದ ಬಲಕ್ಕೆ ಎಳೆದ. ನಡುವೆ ಒಂದು ಕುಂಕುಮದ ಬೊಟ್ಟಿಟ್ಟ. ಊದಿನಕಡ್ಡಿ ಬೆಳಗಿದ. ನಾನು ಫೋನು ತೆಗೆದು ನೋಡಿದೆ. ಚಿತ್ರದಲ್ಲಿ ತುಸು ನೀರಾಡಿದಂತಿತ್ತು, ನಡುವೆ ಒಂದು ಕೆಂಪು ಚುಕ್ಕೆ, ಆದರೂ ಅಪ್ಪನ ಮುಖ ಗುರುತು ಸಿಗುತ್ತಿತ್ತು. ಬ್ಯಾಟರಿಯ ಗುರುತು ಹಸಿರಾಗಿತ್ತು. ಸಂಜೆ ಒರೆಸಿದರಾಯಿತು, ಪೂಜೆ ಮಾಡಿದ ಕೂಡಲೇ ಒರೆಸಿದರೆ ಅಪ್ಪ ನೊಂದುಕೊಳ್ಳುತ್ತಾನೆ ಎಂದುಕೊಂಡೆ. ಆಮೇಲೆ ಹಬ್ಬದ ಕೆಲಸದಲ್ಲಿ ಅದು ನೆನಪಾಗಲಿಲ್ಲ.

ಕಲಸಿದ ವಿಭೂತಿ ಒದ್ದೆಯಿದ್ದಾಗ ಕಾಣುವುದಿಲ್ಲ. ಆರಿದ ಮೇಲೆ ಬೆಳ್ಳಗಾಗುತ್ತದೆ. ಇದಕ್ಕೆ ರಸಾಯನಶಾಸ್ತ್ರ ಬೇಕಿಲ್ಲ. ನಮ್ಮ ಮನೆಯಲ್ಲಿ ಹುಟ್ಟಿದ ಎಲ್ಲರೂ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುವ ಸಂಗತಿ.

ಮರುದಿನ ಇಳಿಹೊತ್ತಿನಲ್ಲಿ ಮೂವರೂ ಊರಾಚೆಯ ಬನ್ನಿ ಗಿಡದ ಕಡೆ ಹೋದೆವು. ಅಪ್ಪ ದಾರಿಯಲ್ಲಿ, "ಈ ಸರತಿ ಹೋಗಬೇಕು ಮೂಡಲಗಿಗೆ. ಬನ್ನಿ ತಗೊಂಡು ಹಂಗss ಹೋಗೂದು. ಬೈದ್ರ ಬೈತಾಳ" ಎಂದ. ಗಿಡದ ಸುತ್ತ ಜನ, ಡೊಳ್ಳು, ಎಲೆಗಾಗಿ ಕೈ ಚಾಚಿದವರು. ನನ್ನ ಫೋನು ಸದ್ದು ಮಾಡಿದ್ದು ಆಗಲೇ. ಯಾರೋ ಬೆಲ್ ಒತ್ತಿದ್ದರು.

ಪರದೆಯಲ್ಲಿ ಬರೀ ಬಿಳಿ. ನಡುವೆ ಕುಂಕುಮದ ಕೆಂಪು ಮಸುಕು, ಅದರ ಹಿಂದೆ ನೆರಳಿನಂಥ ಒಂದು ಆಕಾರ. ಗಂಡಸೋ ಹೆಂಗಸೋ ತಿಳಿಯಲಿಲ್ಲ. "ಯಾರ್ರಿ?" ಎಂದೆ. ಏನೋ ಉತ್ತರ ಬಂತು, ಡೊಳ್ಳಿನಲ್ಲಿ ಮುಳುಗಿತು. ಜನರ ನಡುವೆ ಫೋನಿಗೆ ಕೂಗಿ ಮಾತಾಡುವುದು ನನ್ನಿಂದ ಆಗುವುದಿಲ್ಲ. ಬದಿಗೆ ಸರಿದು ಮತ್ತೊಮ್ಮೆ ಕೇಳಬಹುದಿತ್ತು. ಪಾರ್ಸೆಲ್ಲಿನವರಿಗೆ ದಿನವೂ ಹೇಳುವ ಮಾತು ನಾಲಿಗೆಯ ಮೇಲಿತ್ತು, ಅದನ್ನೇ ಹೇಳಿದೆ. "ಮನ್ಯಾಗ ಯಾರೂ ಇಲ್ರಿ. ಆಮ್ಯಾಲೆ ಬರ್ರಿ."

ನೆರಳು ಸ್ವಲ್ಪ ಹೊತ್ತು ಇದ್ದು ಹೋಯಿತು. ನಾನು ಫೋನು ಪರ್ಸಿಗೆ ಹಾಕಿದೆ.

ಮನೆಗೆ ಬಂದಾಗ ಮೆಟ್ಟಿಲ ಮೇಲೆ ಬನ್ನಿ ಎಲೆಗಳು ಬಿದ್ದಿದ್ದವು. ಇಟ್ಟು ಹೋದಂತಿರಲಿಲ್ಲ, ಹಿಡಿದ ಕೈ ಸಡಿಲಾದಾಗ ಉದುರಿದಂತಿದ್ದವು. ಅವ್ವ ಬಗ್ಗಿ ಆರಿಸುತ್ತಾ, "ಯಾರ ಬಂದಿದ್ರು?" ಎಂದಳು. "ಯಾರೋ ಗೊತ್ತಾಗಲಿಲ್ಲ" ಎಂದೆ. ಬೆಲ್ ಒತ್ತಿದಾಗಿನ ದೃಶ್ಯ, ಸದ್ದು ಎರಡೂ ಫೋನಿನಲ್ಲಿ ಉಳಿಯುತ್ತವೆ. ಪಡಸಾಲೆಯಲ್ಲಿ ನಿಂತು ಅದನ್ನು ಮತ್ತೆ ಹಾಕಿದೆ. ಈಗ ಸುತ್ತ ಡೊಳ್ಳಿರಲಿಲ್ಲ.

ನನ್ನ ದನಿ, "ಯಾರ್ರಿ?"

"ನಾನವಾ, ನಿಮ್ಮ ಅತ್ತಿ. ಬನ್ನಿ ತಂದೇನಿ. ಬಾಗಲಾ ತಗಿ."

"ಮನ್ಯಾಗ ಯಾರೂ ಇಲ್ರಿ. ಆಮ್ಯಾಲೆ ಬರ್ರಿ."

ಆಮೇಲೆ ಓಣಿಯಲ್ಲಿ ದೂರ ಒಂದು ಗಾಡಿಯ ಸದ್ದು. ಬಳೆ ಅಲುಗಿದ ಸದ್ದು. ಮತ್ತೆ ಅತ್ತೆಯ ದನಿ, ಕೂಗದ ದನಿ. ಅವಳಿಗೆ ಅಂಥದೊಂದು ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಆತವಾ."

ಅಪ್ಪ ನನ್ನ ಹಿಂದೆ ನಿಂತು ಕೇಳಿದ್ದ. ಕೈಯಲ್ಲಿದ್ದ ಬನ್ನಿಯನ್ನು ಟೇಬಲ್ಲಿನ ಮೇಲಿಟ್ಟು ಅಕ್ಕನಿಗೆ ಫೋನ್ ಹಚ್ಚಿದ. ಸ್ಪೀಕರ್ ಹಾಕು ಎಂದು ಅವ್ವ ಸನ್ನೆ ಮಾಡಿದಳು. ಅತ್ತೆ ಬಸ್ಸಿನಲ್ಲಿದ್ದಳು, ಹಿಂದೆ ಕಂಡಕ್ಟರನ ಸೀಟಿ ಕೇಳುತ್ತಿತ್ತು.

"ಅಕ್ಕಾ, ಬಂದಿದ್ಯಂತಲ್ಲ..."

"ಹೂನ್ರಿ. ಬಂದಿದ್ನಿ. ಯಾರೂ ಇಲ್ಲ ಅಂದ್ರು, ಹೊಂಟ್ನಿ."

ಲೇ ತಮ್ಮಾ ಎಂದು ಕರೆಯುತ್ತಿದ್ದವಳು ಈಗ ತಮ್ಮನಿಗೇ ರಿ ಹಚ್ಚುತ್ತಿದ್ದಳು. ಅಪ್ಪನ ಮುಖ ಇಳಿಯಿತು.

"ಖರೇನ ಯಾರೂ ಇರಲಿಲ್ಲಕ್ಕಾ. ಬನ್ನಿ ಗಿಡದ ಕಡೆ ಹೋಗಿದ್ವಿ. ಅಲ್ಲಿಂದ ನಿನ್ನ ಕಡೇನss ಹೊಂಟಿದ್ವಿ."

"ಮನ್ಯಾಗ ಇರಲಿಲ್ಲ, ಒಪ್ಪಿದ್ನಿ. ಆದ್ರ ನಿಮ್ಮ ಮಗಳು ನೋಡಿದ್ಲಲ್ಲ? ನನ್ನ ಮಚ್ಚಿಸುದ್ದಾ ಕಾಣತೈತಿ ಅಂದಾಕಿ ಆಕೀನss. ನೋಡಿ, ರಿ ಹಚ್ಚಿ, ಆಮ್ಯಾಲೆ ಬರ್ರಿ ಅಂದ್ಲು."

"ಇಲ್ಲಕ್ಕಾ, ಆಕಿಗೆ ಕಂಡಿಲ್ಲ. ನಾ ಖಂಡೇಪೂಜಿಗೆ ಅದಕ್ಕ ಇಭೂತಿ ಹಚ್ಚಿದ್ನಿ. ಅದರ ಕಣ್ಣ ಮುಚ್ಚಿತ್ತು."

ಅತ್ತೆ, "ಇಭೂತಿ ಹಚ್ಚಿದ್ರ ಕಣ್ಣ ಕಾಣೂದಿಲ್ಲೇನು? ಹುಟ್ಟಿದಾಗಿಂದ ಹಚ್ಕೊಂಡೇವಿ, ನಮಗೆಲ್ಲಾ ಕಾಣತಾವ. ಚೊಲೋ ಕಾರಣಾ ಹುಡಿಕೀರಿ, ಅದೂ ಇಭೂತಿ ಮ್ಯಾಲೆ ಹಾಕಿ" ಎಂದಳು.

ನಾನು ಫೋನಿಗೆ ಕೈ ಚಾಚಿದೆ. ಅಷ್ಟರಲ್ಲಿ ಅವಳು ಇಟ್ಟುಬಿಟ್ಟಳು. ಅಪ್ಪ ಮತ್ತೆ ಮಾಡಿದ, ಎತ್ತಲಿಲ್ಲ.

ಅಪ್ಪ ಹೊರಗೆ ಹೋಗಿ ಹೆಗಲ ಮೇಲಿನ ವಸ್ತ್ರದಿಂದ ಬೆಲ್ಲನ್ನು ತಿಕ್ಕಿದ. ಒಣ ವಿಭೂತಿ ಪುಡಿಯಾಗಿ ಉದುರಿತು, ಒಂದಿಷ್ಟು ಸಂದಿಗೆ ಸೇರಿಕೊಂಡಿತು. "ನಾನss ಹಚ್ಚಿದ್ನಿ, ನಾನss" ಎನ್ನುತ್ತಿದ್ದ. ಅವ್ವ, "ಬಿಡ್ರಿ ಸಾಕು, ಗಾಜ ಒಡದೀತು" ಎಂದಳು. ಬನ್ನಿಯನ್ನು ಸೀಗಿ ಹುಣ್ಣಿಮೆಯವರೆಗೂ ಕೊಡಬಹುದು, ನಾಲ್ಕು ದಿನ ಬಿಟ್ಟು ಹೋದರಾಯಿತು, ಅಷ್ಟರಲ್ಲಿ ಅಕ್ಕಾರ ಸಿಟ್ಟು ಇಳಿಯುತ್ತದೆ ಎಂದು ಸಮಾಧಾನ ಹೇಳಿದಳು. ಅಪ್ಪ ತಲೆಯಾಡಿಸಿದ. ಹೋದ ವರ್ಷವೂ ಅವನು ಹೀಗೆಯೇ ತಲೆಯಾಡಿಸಿದ್ದ.

ನನ್ನ ಫೋನಿನಲ್ಲಿ ಆ ದೃಶ್ಯ ಇತ್ತು. ಬಿಳಿ ಪರದೆ ತೋರಿಸಿದರೆ ಅತ್ತೆ ನಂಬುತ್ತಾಳೆ ಎಂದು ಮೊದಲು ಅನ್ನಿಸಿತು. ಆದರೆ ಅದನ್ನು ತೋರಿಸಿದರೆ "ಬಾಗಲಾ ತಗಿ" ಎಂದು ಅವಳು ಕೇಳಿದ್ದನ್ನೂ, ನಾನು ಹೇಳಿದ್ದನ್ನೂ ಅವಳು ಮತ್ತೊಮ್ಮೆ ಕೇಳಬೇಕಾಗುತ್ತಿತ್ತು. ಅಳಿಸಿಬಿಟ್ಟೆ. ಈಗಲೂ ಅದು ಸರಿಯೋ ತಪ್ಪೋ ಎಂದು ಯೋಚಿಸುತ್ತೇನೆ.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹುಕ್ಕೇರಿಯ ಕಡೆ ಹೋಗುವ ಬಸ್ಸು ಎಂದಿನ ಜಾಗದಲ್ಲಿ ನಿಂತಿತ್ತು. ನಾನು ಮೂಡಲಗಿಯ ಬಸ್ಸು ಹತ್ತಿದೆ. ಟೇಬಲ್ಲಿನ ಮೇಲಿದ್ದ ಅಪ್ಪನ ಬನ್ನಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದೆ. ಮೆಟ್ಟಿಲ ಮೇಲೆ ಆರಿಸಿದ ಎಲೆಗಳನ್ನೂ ಅದರಲ್ಲೇ ಸೇರಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ವಾಕ್ಯಗಳನ್ನು ಜೋಡಿಸಿದೆ. ಇಳಿಯುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಅತ್ತೆಯ ಮನೆಯ ಬಾಗಿಲು ಮುಚ್ಚಿತ್ತು. ಬೆಲ್ ಇಲ್ಲ, ಬರೀ ಚಿಲಕ. ಹೊಸ್ತಿಲಿಗೆ ಆಗಷ್ಟೇ ನೀರು ಹಾಕಿದ್ದರು, ಕಟ್ಟೆಯ ಒಂದು ಬದಿ ಒದ್ದೆಯಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು. ನಾನು ಚಿಲಕ ಮುಟ್ಟಲಿಲ್ಲ. ಮೆಟ್ಟಿಲ ಕೆಳಗೆ ನಿಂತು, ಅವಳು ನಮ್ಮ ಬಾಗಿಲಲ್ಲಿ ಕೂಗುತ್ತಿದ್ದಂತೆ, ಓಣಿಯವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ. ಬದುಕಿನಲ್ಲಿ ಮೊದಲ ಸಲ.

"ಅತ್ತೀ! ನಾ ಬಂದೇನಿ. ಬಾಗಲಾ ತಗಿ."

ರೊಟ್ಟಿಯ ಸದ್ದು ನಿಂತಿತು.

"ಯಾರ್ರಿ?"

"ನಾ ಅತ್ತಿ. ಗೋಕಾಕದಿಂದ. ಬನ್ನಿ ತಂದೇನಿ."

ಒಳಗಿನಿಂದ, ಒಂದೊಂದೇ ಶಬ್ದವನ್ನು ಬಿಡಿಸಿ, "ಮನ್ಯಾಗ ಯಾರೂ ಇಲ್ರಿ. ಆಮ್ಯಾಲೆ ಬರ್ರಿ" ಎಂದಳು.

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ನಾನು ಕಟ್ಟೆಯ ಒಣಗಿದ ಬದಿಯಲ್ಲಿ ಕುಳಿತೆ. ಕರವಸ್ತ್ರವನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಗಾಳಿಗೆ ಎಲೆ ಹಾರದಂತೆ ಮೇಲೆ ಕೈ ಇಟ್ಟುಕೊಂಡೆ.